ಅರ್ಧ ಕೊಂದ ವೈರಸ್, ಪೂರ್ತಿ ತೆತ್ತ ಹಣ

ಹಾವನ್ನು ಹೊಡೆಯುವುದಾದರೆ ಪೂರ್ತಿ ಹೊಡೆಯಬೇಕು. ಇಲ್ಲವಾದರೆ ಅದರ ತಂಟೆಗೇ ಹೋಗಬಾರದು. ಅರೆಪೆಟ್ಟು ತಿಂದ ಹಾವು ಯಾವ ಸಂದಿಯಲ್ಲಿ ಸೇರಿತು, ನಾಳೆ ಯಾರ ಕಾಲಿಗೆ ಸಿಕ್ಕೀತು ಎಂಬುದು ಹೊಡೆದವನಿಗೂ ತಿಳಿಯದು. ವೈರಸ್ಸನ್ನು ಅದರದೇ ತಪ್ಪುಗಳಿಂದ ನಿರ್ವಂಶ ಮಾಡುತ್ತೇವೆಂದು ಬಂದಿರುವ ಹೊಸ ಬಗೆಯ ಔಷಧಗಳಿಗೆ ಈ ಮಾತು ಅಕ್ಷರಶಃ ಸಲ್ಲುತ್ತದೆ. ಆದರೆ 2020ರಿಂದ 2022ರವರೆಗೆ ಈ ಔಷಧಗಳು ನಮ್ಮ ದೇಶದಲ್ಲಿ ಬಳಕೆಗೆ ಬಂದದ್ದು ಹೇಗೆ? ಅರ್ಧ ಪರೀಕ್ಷೆಯ ಮೇಲೆ, ಅರ್ಧ ಪ್ರಮಾಣವನ್ನಷ್ಟೇ ಕೊಳ್ಳಬಲ್ಲ ಜನರ ನಡುವೆ, ಪೂರ್ತಿ ಬೆಲೆಗೆ!

ಇದು ದೊಡ್ಡ ಡಾಕ್ಟರುಗಳ ವಿಚಾರ, ಗಿರಣಿಯವನಿಗೂ ಅಂಗಡಿಯವನಿಗೂ ಇದರಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಕೆಲಸವಿದೆ. ಆ ಮಾತ್ರೆಗಳಿಗೆ ಗಂಟಿನ ದುಡ್ಡು ಬಿಚ್ಚಿದವರು ನಾವು. ಮಲಗಿದರೆ ಮಜೂರಿ ಹೋಗುತ್ತದೆಂದು ಎರಡು ದಿನ ಮಾತ್ರೆ ನುಂಗಿ ಮೂರನೆಯ ದಿನ ಪಾಳಿಗೆ ಹೊರಡುವವರು ನಾವು. ಮುಂದಿನ ಪಿಡುಗು ಬಂದಾಗ ಮತ್ತೆ ಸಾಲಿನಲ್ಲಿ ನಿಲ್ಲಬೇಕಾದವರೂ ನಾವೇ. ಆದ್ದರಿಂದ ಈ ವಿಜ್ಞಾನ ಏನು, ಅದು ಯಾರ ಕೈಗೆ ಹೋಯಿತು, ಯಾರ ಕೈಯಲ್ಲಿರಬೇಕು ಎಂಬುದನ್ನು ನಾವು ತಿಳಿದುಕೊಳ್ಳಲೇಬೇಕು.

ನಕಲು ತೆಗೆಯುವ ಗುಮಾಸ್ತ

ವೈರಸ್ಸೆಂದರೆ ಒಂದು ಬರಹದ ಚೀಟಿ. ಅದಕ್ಕೆ ಸ್ವಂತ ಹೊಟ್ಟೆಯಿಲ್ಲ, ಸ್ವಂತ ಉಸಿರಿಲ್ಲ. ನಮ್ಮ ಮೈಯ ಜೀವಕೋಶದೊಳಗೆ ಹೊಕ್ಕು, ಅಲ್ಲಿಯ ಸಾಮಗ್ರಿಯಿಂದಲೇ ತನ್ನ ಚೀಟಿಯ ಸಾವಿರಾರು ನಕಲು ತೆಗೆಸುವುದೊಂದೇ ಅದರ ಕಸುಬು. ಪೋಲಿಯೋ, ಇನ್‌ಫ್ಲುಯೆಂಜಾ, ಡೆಂಗಿ, ಕೊರೋನಾ ಇವುಗಳ ಚೀಟಿ ಆರ್‌ಎನ್‌ಎ ಎಂಬ ವಸ್ತುವಿನಲ್ಲಿ ಬರೆದದ್ದು. ಪೋಲಿಯೋ ಚೀಟಿಯಲ್ಲಿ ಸುಮಾರು 7,500 ಅಕ್ಷರ. ಕೊರೋನಾ ಚೀಟಿಯಲ್ಲಿ ಸುಮಾರು 30,000.

ಈ ನಕಲು ತೆಗೆಯುವ ಗುಮಾಸ್ತ ಬಹಳ ಅವಸರದವನು. ಬರೆದದ್ದನ್ನು ತಿರುಗಿ ಓದಿ ತಿದ್ದುವ ಪದ್ಧತಿ ಹೆಚ್ಚಿನ ಆರ್‌ಎನ್‌ಎ ವೈರಸ್ಸುಗಳಲ್ಲಿ ಇಲ್ಲವೇ ಇಲ್ಲ. ಪೂರ್ತಿ ಚೀಟಿಯ ಒಂದು ನಕಲಿಗೆ ಹೆಚ್ಚುಕಡಿಮೆ ಒಂದು ಅಕ್ಷರ ತಪ್ಪುತ್ತದೆ. ಇದನ್ನೇ ಶಾಸ್ತ್ರಜ್ಞರು ಉತ್ಪರಿವರ್ತನೆ ಎನ್ನುತ್ತಾರೆ. ಕೊರೋನಾ ಮಾತ್ರ ಎಚ್ಚರದ ಜಾತಿ. ತಪ್ಪು ಹುಡುಕಿ ತೆಗೆಯುವ ಒಬ್ಬ ತಪಾಸಣೆಗಾರನನ್ನೂ ಅದು ಇಟ್ಟುಕೊಂಡಿದೆ.

ಈ ತಪ್ಪುಗಳು ವೈರಸ್ಸಿನ ಬಲ. ನಮ್ಮ ಮೈಯ ಕಾವಲುಗಾರರು ಹಳೆಯ ಮುಖವನ್ನು ಗುರುತಿಟ್ಟುಕೊಂಡರೆ ಅದು ಹೊಸ ಮುಖ ಹೊತ್ತು ಬರುತ್ತದೆ. ಆದರೆ ಈ ಬಲಕ್ಕೂ ಒಂದು ಎಲ್ಲೆಯಿದೆ. ಕಿರ್ದಿಯಿಂದ ಖತಾವಣಿಗೆ ಏರಿಸುವಾಗ ಒಂದೆರಡು ಅಂಕಿ ತಪ್ಪಿದರೆ ವ್ಯಾಪಾರ ನಿಲ್ಲುವುದಿಲ್ಲ. ಪುಟಪುಟದಲ್ಲೂ ಹತ್ತು ತಪ್ಪು ಬಿದ್ದು, ಆ ತಪ್ಪು ಪುಸ್ತಕವನ್ನೇ ಇನ್ನೊಬ್ಬ ನಕಲು ಮಾಡಿ, ಅವನೂ ತನ್ನ ಹತ್ತನ್ನು ಸೇರಿಸಿದರೆ? ನಾಲ್ಕನೆಯ ನಕಲಿನ ಹೊತ್ತಿಗೆ ಅಂಗಡಿ ದಿವಾಳಿ. ಮಗ್ಗದ ಮೇಲೆ ಹಾಸಿನ ಎಳೆ ಒಂದೆರಡು ಹರಿದರೆ ನೇಕಾರ ಗಂಟು ಹಾಕಿ ಓಡಿಸುತ್ತಾನೆ. ಹತ್ತಕ್ಕೊಂದು ಎಳೆ ಹರಿಯತೊಡಗಿದರೆ ಬಟ್ಟೆಯೇ ಇಲ್ಲ.

ಈ ಎಲ್ಲೆಯ ಲೆಕ್ಕವನ್ನು 1971ರಲ್ಲಿ ಹಾಕಿ ತೋರಿಸಿದವನು ಮ್ಯಾನ್‌ಫ್ರೆಡ್ ಐಗೆನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ. 1967ರಲ್ಲೇ ನೊಬೆಲ್ ಪಾರಿತೋಷಕ ಪಡೆದಿದ್ದವನು. 1990ರಲ್ಲಿ ಅಮೆರಿಕದ ಜಾನ್ ಹಾಲೆಂಡ್ ಮತ್ತು ಸಂಗಡಿಗರು ಪೋಲಿಯೋ ವೈರಸ್ಸಿಗೂ, ದನಗಳ ಬಾಯಿಹುಣ್ಣಿನ ಒಂದು ವೈರಸ್ಸಿಗೂ ರಾಸಾಯನಿಕಗಳನ್ನು ಹಾಕಿ ನೋಡಿದರು. ಅವು ಆಗಲೇ ಎಲ್ಲೆಯ ಅಂಚಿನಲ್ಲಿ ನಿಂತಿದ್ದವು. ಇನ್ನು ಸ್ವಲ್ಪ ತಪ್ಪು ಹೆಚ್ಚಿದರೂ ತಾಳಲಾರದೆ ಹೋದವು. 1999ರಲ್ಲಿ ಲಾರೆನ್ಸ್ ಲೋಬ್ ಮತ್ತು ಸಂಗಡಿಗರು ಏಡ್ಸ್ ವೈರಸ್ಸನ್ನು ಇದೇ ರೀತಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ನಿರ್ವಂಶ ಮಾಡಿದರು. 2001ರಲ್ಲಿ ಕ್ರಾಟಿ, ಕ್ಯಾಮೆರಾನ್, ಆಂಡಿನೊ ಎಂಬವರು ರಿಬಾವಿರಿನ್ ಎಂಬ ಹಳೆಯ ಔಷಧವನ್ನೇ ಹಿಡಿದು ಲೆಕ್ಕ ಬಿಡಿಸಿಟ್ಟರು: ಪೋಲಿಯೋ ವೈರಸ್ಸಿನ ತಪ್ಪು ಸುಮಾರು ಹತ್ತು ಪಟ್ಟು ಏರಿದಾಗ, ಅದರ ಸೋಂಕಿಸುವ ಶಕ್ತಿಯಲ್ಲಿ ನೂರಕ್ಕೆ 99 ಪಾಲು ಒಂದೇ ಸುತ್ತಿನಲ್ಲಿ ನಾಶವಾಯಿತು.

ಶತ್ರುವಿನ ಕತ್ತಿಯಿಂದಲೇ ಶತ್ರುವಿನ ಕತ್ತು! ಮನುಷ್ಯನ ಬುದ್ಧಿಯ ಈ ಸಾಧನೆಯನ್ನು ನಾವು ಹೊಗಳದೆ ಇರಲಾರೆವು. ನಮ್ಮ ಜಗಳ ವಿಜ್ಞಾನದೊಡನೆ ಅಲ್ಲ.

ಪೂರ್ತಿ ಸಾಯದಿದ್ದರೆ?

ತಪ್ಪು ಹತ್ತು ಪಟ್ಟು ಹೆಚ್ಚಿದರೆ ವೈರಸ್ಸಿಗೆ ಸಾವು. ಸರಿ, ಒಪ್ಪೋಣ. ಎರಡೇ ಪಟ್ಟು ಹೆಚ್ಚಿದರೆ?

ಆಗ ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ಉಳಿದವು ಮೊದಲಿದ್ದ ವೈರಸ್ಸುಗಳಲ್ಲ. ಮೈತುಂಬ ಹೊಸ ತಪ್ಪು ಹೊತ್ತವು. ಅವುಗಳಲ್ಲಿ ಹೆಚ್ಚಿನವು ಕುಂಟುವ ವೈರಸ್ಸುಗಳು. ಆದರೆ ಸಾವಿರ ಕುಂಟರ ನಡುವೆ ಒಂದು ಓಡಬಲ್ಲದ್ದು ಹುಟ್ಟಿಕೊಂಡರೆ ಸಾಕು. ಇದು ಬರಿಯ ಹೆದರಿಕೆಯಲ್ಲ. 2003ರಲ್ಲಿ ಫೈಫರ್ ಮತ್ತು ಕಿರ್ಕೆಗಾರ್ಡ್ ಎಂಬಿಬ್ಬರು ಶಾಸ್ತ್ರಜ್ಞೆಯರು ಪೋಲಿಯೋ ವೈರಸ್ಸನ್ನು ರಿಬಾವಿರಿನ್ ನಡುವೆ ಬೆಳೆಸುತ್ತ ಹೋದಾಗ, ಔಷಧಕ್ಕೆ ಬಗ್ಗದ ಒಂದು ವೈರಸ್ ಎದ್ದು ಬಂತು. ಅದು ಮಾಡಿದ ಉಪಾಯವೇನು ಗೊತ್ತೆ? ನಕಲು ತೆಗೆಯುವ ಯಂತ್ರದಲ್ಲಿ ಒಂದೇ ಒಂದು ಬದಲಾವಣೆ ಮಾಡಿಕೊಂಡು ತನ್ನ ಗುಮಾಸ್ತನನ್ನು ಎಚ್ಚರದವನನ್ನಾಗಿ ಮಾಡಿಕೊಂಡಿತ್ತು! ತಪ್ಪು ಮಾಡಿಸಿ ಕೊಲ್ಲಹೋದರೆ ಅದು ತಪ್ಪು ಮಾಡುವುದನ್ನೇ ಕಡಿಮೆ ಮಾಡಿತು.

ಗಾಜಿನ ತಟ್ಟೆಯಲ್ಲಿ ನಡೆದದ್ದೆಲ್ಲ ಮನುಷ್ಯನ ಮೈಯಲ್ಲಿ ನಡೆಯುವುದಿಲ್ಲ ಎಂಬುದೂ ಬೇಗನೆ ತಿಳಿಯಿತು. ಏಡ್ಸ್ ವೈರಸ್ಸಿಗೆ ಇದೇ ತತ್ವದ ಮೇಲೆ ಅಮೆರಿಕದ ಒಂದು ಕಂಪನಿ ಮಾಡಿದ ಔಷಧದ ಪರೀಕ್ಷೆ 2008ರಲ್ಲಿ ನಿಂತುಹೋಯಿತು. ರೋಗಿಗಳ ರಕ್ತದಲ್ಲಿ ವೈರಸ್ಸಿನ ತಪ್ಪುಗಳ ಬಗೆ ಬದಲಾಗಿತ್ತು. ವೈರಸ್ಸಿನ ಪ್ರಮಾಣ ಮಾತ್ರ ಇಳಿದಿರಲಿಲ್ಲ.

ಇಷ್ಟರಿಂದ ಒಂದು ಮಾತು ಸ್ಪಷ್ಟ. ಈ ಔಷಧವನ್ನು ಬಳಸಬೇಕಾದರೆ ರೋಗದ ಮೊದಲ ದಿನಗಳಲ್ಲೇ, ಪೂರ್ತಿ ಪ್ರಮಾಣದಲ್ಲಿ, ಪೂರ್ತಿ ದಿನ, ಒಬ್ಬರ ಕಣ್ಗಾವಲಿನಲ್ಲಿ ಬಳಸಬೇಕು. ತಲೆನೋವಿನ ಮಾತ್ರೆಯನ್ನು ಅರ್ಧ ನುಂಗಿದರೆ ನಷ್ಟ ನುಂಗಿದವನಿಗೆ ಮಾತ್ರ. ಇದನ್ನು ಅರ್ಧ ನುಂಗಿದರೆ ಅಪಾಯ ಪಕ್ಕದ ಮಗ್ಗದವನಿಗೂ ಉಂಟು. ಇದು ಒಬ್ಬ ಮಾರಿದ, ಒಬ್ಬ ಕೊಂಡ ಎಂದು ಮುಗಿಯುವ ಸರಕಲ್ಲ. ಇದನ್ನು ಸಂತೆಗೆ ಬಿಡಬಾರದು ಎಂಬ ನಮ್ಮ ವಾದದ ಬುಡ ಇಲ್ಲಿದೆ. ಸಂತೆಗೆ ಬಿಟ್ಟಾಗ ಏನಾಯಿತು ಎಂಬುದನ್ನು ಇನ್ನು ನೋಡೋಣ.

ಮೂರು ದಿನದ ಪಟ್ಟಿ, ಹದಿನಾಲ್ಕು ದಿನದ ಔಷಧ

ಫಾವಿಪಿರಾವಿರ್ ಎಂಬುದು ಜಪಾನಿನಲ್ಲಿ ಹುಟ್ಟಿದ ಔಷಧ. ವೈರಸ್ಸಿನ ನಕಲಿನೊಳಗೆ ಸುಳ್ಳು ಅಕ್ಷರವಾಗಿ ನುಸುಳಿ ತಪ್ಪುಗಳನ್ನು ಹೆಚ್ಚಿಸುತ್ತದೆಂದು ಇನ್‌ಫ್ಲುಯೆಂಜಾ ವೈರಸ್ಸಿನ ಮೇಲಿನ ಪ್ರಯೋಗಗಳಲ್ಲಿ ಕಂಡದ್ದು. ಪ್ರಾಣಿಗಳ ಗರ್ಭದ ಮರಿಗಳಿಗೆ ಅದರಿಂದ ಹಾನಿಯಾಗಿತ್ತು. ಆದ್ದರಿಂದ ಜಪಾನ್ 2014ರಲ್ಲಿ ಅದಕ್ಕೆ ಅನುಮತಿ ಕೊಟ್ಟಾಗಲೂ ಅಂಗಡಿಯಲ್ಲಿ ಮಾರಲು ಬಿಡಲಿಲ್ಲ. ಬೇರೆ ಔಷಧಕ್ಕೆ ಬಗ್ಗದ ಹೊಸ ಇನ್‌ಫ್ಲುಯೆಂಜಾ ಎದ್ದರೆ ಮಾತ್ರ, ಅದೂ ಸರ್ಕಾರ ಹೇಳಿದಾಗ ಮಾತ್ರ, ತೆಗೆಯಬೇಕೆಂದು ದಾಸ್ತಾನಿನಲ್ಲಿ ಬೀಗ ಹಾಕಿಟ್ಟಿತು.

ನಮ್ಮಲ್ಲಿ? 2020ರ ಜೂನ್ ತಿಂಗಳಲ್ಲಿ, ಪರೀಕ್ಷೆಯ ಪೂರ್ತಿ ಫಲಿತಾಂಶ ಹೊರಬೀಳುವ ಮೊದಲೇ, ಗ್ಲೆನ್‌ಮಾರ್ಕ್ ಕಂಪನಿಗೆ ಕೊರೋನಾ ಚಿಕಿತ್ಸೆಗಾಗಿ ಮಾರಲು ತುರ್ತು ಅನುಮತಿ ದೊರೆಯಿತು. ಮಾತ್ರೆಗೆ 103 ರೂಪಾಯಿ. 34 ಮಾತ್ರೆಗಳ ಪಟ್ಟಿಗೆ 3,500 ರೂಪಾಯಿ. ಈಗ ಅಂಗಡಿಯವರೇ ಲೆಕ್ಕ ಹಾಕಿ ನೋಡಿ. ಮೊದಲ ದಿನ 18 ಮಾತ್ರೆ, ಆಮೇಲೆ ದಿನಕ್ಕೆ 8, ಹದಿನಾಲ್ಕು ದಿನದವರೆಗೆ. ಒಟ್ಟು 122 ಮಾತ್ರೆ, ಹನ್ನೆರಡು ಸಾವಿರದ ಐನೂರು ರೂಪಾಯಿಗೂ ಮೇಲೆ. 3,500 ರೂಪಾಯಿ ಕೊಟ್ಟು ಒಂದು ಪಟ್ಟಿ ಕೊಂಡವನಿಗೆ ಸಿಕ್ಕಿದ್ದು ಸರಿಯಾಗಿ ಮೂರು ದಿನದ ಔಷಧ! ಲೋಕಸಭೆಯ ಸದಸ್ಯರೊಬ್ಬರು ದೂರಿತ್ತ ಮೇಲೆ ಔಷಧ ನಿಯಂತ್ರಣಾಧಿಕಾರಿಯು ಕಂಪನಿಯಿಂದ ವಿವರಣೆ ಕೇಳಬೇಕಾಯಿತು. ಅಷ್ಟರಲ್ಲಿ ಮಾತ್ರೆಯ ಬೆಲೆ 75 ರೂಪಾಯಿಗೆ ಇಳಿದಿತ್ತು. 28 ರೂಪಾಯಿ ಇಳಿಸಿದ ಮೇಲೂ ಕಂಪನಿ ನಷ್ಟಕ್ಕೆ ಮಾರಲಿಲ್ಲವಷ್ಟೆ? ಹಾಗಾದರೆ ಮೊದಲ ಮೂರು ವಾರ ಆ 28 ರೂಪಾಯಿ ಯಾತಕ್ಕಾಗಿ?

ಔಷಧವಾದರೂ ಹೇಗಿತ್ತು? ಆ ಕಂಪನಿಯ 150 ರೋಗಿಗಳ ಪರೀಕ್ಷೆಯ ವರದಿ ಆಮೇಲೆ ಪ್ರಕಟವಾಯಿತು. ಪರೀಕ್ಷೆಯ ಮುಖ್ಯ ಪ್ರಶ್ನೆ, ವೈರಸ್ ಮೈಯಿಂದ ಎಷ್ಟು ದಿನದಲ್ಲಿ ಹೋಗುತ್ತದೆ ಎಂಬುದು. ಔಷಧ ತಿಂದವರಲ್ಲಿ 5 ದಿನ, ತಿನ್ನದವರಲ್ಲಿ 7 ದಿನ; ಆದರೆ ಅಷ್ಟು ಸಣ್ಣ ಗುಂಪಿನಲ್ಲಿ ಆ ಅಂತರ ಆಕಸ್ಮಿಕವಾಗಿಯೂ ಬರಬಹುದಾದದ್ದು ಎಂದು ವರದಿಯ ಲೆಕ್ಕವೇ ಹೇಳಿತು. ರೋಗದ ಲಕ್ಷಣಗಳು ಬೇಗ ಇಳಿದವೆಂದೂ ಹೇಳಿತು. ನ್ಯಾಯಕ್ಕಾಗಿ ಅದನ್ನೂ ಬರೆಯುತ್ತೇವೆ. ಕೇಂದ್ರ ಸರ್ಕಾರದ ಚಿಕಿತ್ಸಾಕ್ರಮದಲ್ಲಿ ಈ ಔಷಧದ ಹೆಸರಿರಲಿಲ್ಲ. ಆದರೂ 2021ರ ಏಪ್ರಿಲ್ ಒಂದೇ ತಿಂಗಳಲ್ಲಿ ಆ ಒಂದು ಹೆಸರಿನ ಮಾತ್ರೆ 350 ಕೋಟಿ ರೂಪಾಯಿಗೂ ಮಿಕ್ಕಿ ಮಾರಾಟವಾಯಿತು. ಸರ್ಕಾರ ಬರೆಯದ ಔಷಧವನ್ನು ಜನ ಒಡವೆ ಅಡವಿಟ್ಟು ಕೊಂಡರು. ಸಾವು ಬಾಗಿಲಲ್ಲಿ ನಿಂತಾಗ ಬೆಲೆ ಕೇಳುವವರು ಯಾರು? ಅದನ್ನು ಬಲ್ಲ ವ್ಯಾಪಾರವೇ ಈ ವ್ಯಾಪಾರ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಇನ್ನು ಎರಡನೆಯ ಔಷಧ, ಮೊಲ್ನುಪಿರಾವಿರ್. ಇದರ ತಂತ್ರ ಬಹಳ ಚತುರವಾದದ್ದು. ಇದು ಎರಡು ಮುಖದ ಸುಳ್ಳು ಅಕ್ಷರ. ಒಮ್ಮೆ ಒಂದು ಅಕ್ಷರದ ಜೊತೆ ಕೂಡುತ್ತದೆ, ಮುಂದಿನ ನಕಲಿನಲ್ಲಿ ಮತ್ತೊಂದರ ಜೊತೆ. ಕೊರೋನಾದ ತಪಾಸಣೆಗಾರನ ಕಣ್ಣಿಗೂ ಇದು ಸುಲಭವಾಗಿ ಬೀಳುವುದಿಲ್ಲ.

ಇದನ್ನು ಕಂಡುಹಿಡಿದವರು ಯಾರು? ಅಮೆರಿಕದ ಅಟ್ಲಾಂಟಾದಲ್ಲಿರುವ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು. ಹಣ ಕೊಟ್ಟವರು ಯಾರು? ಅಮೆರಿಕದ ರಕ್ಷಣಾ ಇಲಾಖೆ ಮತ್ತು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಎಂದರೆ ಅಲ್ಲಿಯ ಕಂದಾಯ ಕೊಡುವ ಜನ. ಸಂಶೋಧನೆ ನಡೆದದ್ದು ಕುದುರೆಗಳನ್ನು ಕಾಡುವ ಒಂದು ಮಿದುಳು ಜ್ವರದ ವೈರಸ್ಸಿಗಾಗಿ. 2020ರ ಮಾರ್ಚಿನಲ್ಲಿ ಇದರ ಹಕ್ಕು ರಿಜ್‌ಬ್ಯಾಕ್ ಎಂಬ ಸಣ್ಣ ಕಂಪನಿಗೆ ಹೋಯಿತು. ಮೇ ತಿಂಗಳಲ್ಲಿ ಮೆರ್ಕ್ ಎಂಬ ದೊಡ್ಡ ಕಂಪನಿ ಅದರೊಡನೆ ಕೈ ಕೂಡಿಸಿತು. 2021ರ ಜೂನಿನಲ್ಲಿ ಅಮೆರಿಕದ ಸರ್ಕಾರ 17 ಲಕ್ಷ ರೋಗಿಗಳಿಗೆ ಸಾಕಾಗುವ ಔಷಧವನ್ನು 120 ಕೋಟಿ ಡಾಲರಿಗೆ ಖರೀದಿ ಮಾಡಲು ಒಪ್ಪಿತು. ಒಬ್ಬ ರೋಗಿಗೆ ಸುಮಾರು 700 ಡಾಲರ್, ಆಗಿನ ದರದಲ್ಲಿ 52,000 ರೂಪಾಯಿ.

ತಯಾರಿಕೆಯ ಖರ್ಚೆಷ್ಟು? ಹಾರ್ವರ್ಡಿನ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಇಬ್ಬರು ಸಂಶೋಧಕರು ಅದೇ ವರ್ಷ ಲೆಕ್ಕ ಹಾಕಿ, ಇಪ್ಪತ್ತು ಡಾಲರಿನ ಆಸುಪಾಸು ಎಂದರು. ಸಂಶೋಧನೆಗೆ ಜನರ ಹಣ, ಖರೀದಿಗೆ ಮತ್ತೆ ಜನರ ಹಣ, ನಡುವೆ ನಿಂತು ಬುಟ್ಟಿ ಹಿಡಿದವನಿಗೆ ಲಾಭ! 2022ರಲ್ಲಿ ಈ ಒಂದೇ ಔಷಧದಿಂದ ಮೆರ್ಕಿಗೆ ಬಂದ ವಹಿವಾಟು ಸುಮಾರು 570 ಕೋಟಿ ಡಾಲರ್.

ಕಂಪನಿಗೆ ಇದೆಲ್ಲ ಸಲ್ಲಬೇಕಾದ ಪ್ರತಿಫಲ, ಇಲ್ಲದಿದ್ದರೆ ಔಷಧವೇ ಹುಟ್ಟುವುದಿಲ್ಲ ಎನ್ನುವವರಿಗೆ ಹೈದರಾಬಾದಿನಲ್ಲೇ ಉತ್ತರವಿದೆ. ಲೈಸೆನ್ಸ್ ಬಿಟ್ಟುಕೊಟ್ಟ ಕೂಡಲೇ ನಮ್ಮ ಕಾರ್ಖಾನೆಗಳು ಅದೇ ಔಷಧವನ್ನು ತಯಾರಿಸಿದವು. ಡಾಕ್ಟರ್ ರೆಡ್ಡೀಸ್ ಕಂಪನಿ 40 ಗುಳಿಗೆಗಳ ಪೂರ್ತಿ ಕೋರ್ಸನ್ನು 1,400 ರೂಪಾಯಿಗೆ ಮಾರಿತು. 52,000 ಎಲ್ಲಿ, 1,400 ಎಲ್ಲಿ? ಬೆಲೆಯನ್ನು ಕಟ್ಟಿದ್ದು ಔಷಧದ ಖರ್ಚಲ್ಲ, ಹಕ್ಕಿನ ಕಾಗದ.

ಎಂಟು ದಿನದಲ್ಲಿ ಎರಡು ಮಾತು

ಬೆಲೆ ಇಳಿಯಿತಲ್ಲ, ಇನ್ನೇನು ದೂರು ಎಂದು ಕೇಳಬಹುದು. ದೂರು ಇನ್ನೂ ಇದೆ. ಮೊದಲು 775 ರೋಗಿಗಳ ಲೆಕ್ಕ ತೋರಿಸಿ, ಆಸ್ಪತ್ರೆ ಸೇರುವವರನ್ನೂ ಸಾಯುವವರನ್ನೂ ಅರ್ಧಕ್ಕೆ ಇಳಿಸುತ್ತದೆಂದು ಪ್ರಚಾರವಾಯಿತು. 1,433 ರೋಗಿಗಳ ಪೂರ್ತಿ ಲೆಕ್ಕ ಬಂದಾಗ ಆ ಅರ್ಧ ಹೋಗಿ ನೂರಕ್ಕೆ 30 ಉಳಿಯಿತು: ಔಷಧವಿಲ್ಲದವರಲ್ಲಿ ನೂರಕ್ಕೆ 9.7, ತಿಂದವರಲ್ಲಿ 6.8. ಅಮೆರಿಕದ ತಜ್ಞರ ಸಮಿತಿ 2021ರ ನವೆಂಬರ್ 30ರಂದು ಮತ ಹಾಕಿದಾಗ ಪರವಾಗಿ 13, ವಿರುದ್ಧ 10.

ನಮ್ಮಲ್ಲಿ 2021ರ ಡಿಸೆಂಬರ್ 28ರಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪ್ರಕಟವಾಯಿತು. ಹದಿಮೂರು ಕಂಪನಿಗಳು ತಯಾರಿಸಲಿದ್ದವು. 2022ರ ಜನವರಿ 5ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರು ಬಹಿರಂಗವಾಗಿ ಹೇಳಿದರು: ಈ ಔಷಧದ ಸುರಕ್ಷತೆಯ ಬಗ್ಗೆ ದೊಡ್ಡ ಆತಂಕಗಳಿವೆ, ಗರ್ಭದ ಮಗುವಿಗೆ ಹಾನಿಯಾಗಬಹುದು, ರಾಷ್ಟ್ರೀಯ ಚಿಕಿತ್ಸಾಕ್ರಮದಲ್ಲಿ ಇದನ್ನು ಸೇರಿಸಿಲ್ಲ. ಎಂಟು ದಿನದಲ್ಲಿ ಒಂದೇ ಸರ್ಕಾರದ ಎರಡು ಬಾಯಿ, ಎರಡು ಮಾತು! ಒಂದು ಕೈ ಬಾಗಿಲು ತೆರೆಯಿತು, ಇನ್ನೊಂದು ಕೈ ಎಚ್ಚರಿಕೆಯ ಹಲಗೆ ತೂಗುಹಾಕಿತು. ಹಲಗೆ ಓದಲು ಬಾರದವನು, ಓದಿದರೂ ಬೇರೆ ದಾರಿ ಕಾಣದವನು ಒಳಗೆ ಹೋದ.

ಅಮೆರಿಕದ ನಿಯಂತ್ರಕರು ಕೊಟ್ಟ ಸೂಚನೆಯಲ್ಲಿ ಹೆಂಗಸರು ಔಷಧ ಮುಗಿದು ನಾಲ್ಕು ದಿನ, ಗಂಡಸರು ಮೂರು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕೆಂದಿತ್ತು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವವರು ಬಹುಮಟ್ಟಿಗೆ ಹರೆಯದ ಹೆಣ್ಣುಮಕ್ಕಳು. ಈ ಸೂಚನೆಯನ್ನು ಅವರಿಗೆ ಕನ್ನಡದಲ್ಲಿ ಕೂರಿಸಿಕೊಂಡು ಹೇಳುವ ಹೊಣೆ ಯಾರದು? ಪಟ್ಟಿಯ ಹಿಂದೆ ಇರುವೆಯಂಥ ಅಕ್ಷರದಲ್ಲಿ ಅಚ್ಚು ಹಾಕಿದರೆ ಹೊಣೆ ತೀರಿತೆ?

2022ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಸ್ಪತ್ರೆ ಸೇರುವ ಅಪಾಯ ಅತ್ಯಂತ ಹೆಚ್ಚಾಗಿರುವವರಿಗೆ ಮಾತ್ರ, ಷರತ್ತಿನ ಮೇಲೆ, ಈ ಔಷಧ ಕೊಡಬಹುದೆಂದಿತು. ಅದೇ ವರ್ಷದ ಕೊನೆಗೆ ಬ್ರಿಟನ್ನಿನಿಂದ ಸುಮಾರು 25,000 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಲಸಿಕೆ ಹಾಕಿಸಿಕೊಂಡವರಲ್ಲಿ ಈ ಔಷಧದಿಂದ ಕೆಲವು ದಿನ ಬೇಗ ಗುಣವಾಗುತ್ತದೆ. ಆದರೆ ಆಸ್ಪತ್ರೆ ಸೇರುವುದೂ ಸಾವೂ ಕಡಿಮೆಯಾಗುವುದಿಲ್ಲ. ಯೂರೋಪಿನ ಔಷಧ ಸಂಸ್ಥೆಯ ಸಮಿತಿ 2023ರ ಫೆಬ್ರವರಿಯಲ್ಲಿ ಅನುಮತಿ ಬೇಡವೆಂದಿತು. ಜೂನಿನಲ್ಲಿ ಮೆರ್ಕ್ ತನ್ನ ಅರ್ಜಿಯನ್ನೇ ಹಿಂದಕ್ಕೆ ಪಡೆಯಿತು. ನಾವು ಕೊಂಡದ್ದು 2022ರ ಜನವರಿಯಲ್ಲಿ. ಸತ್ಯ ಬಂದದ್ದು ಡಿಸೆಂಬರಿನಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು!

ವೈರಸ್ಸಿನ ಮೈಮೇಲೆ ಉಳಿದ ಗುರುತು

ಎಲ್ಲಕ್ಕಿಂತ ಗಂಭೀರವಾದ ಸಂಗತಿ 2023ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಥಿಯೋ ಸ್ಯಾಂಡರ್ಸನ್ ಮತ್ತು ಸಂಗಡಿಗರು ಜಗತ್ತಿನ ಎಲ್ಲೆಡೆಯಿಂದ ಕೂಡಿಟ್ಟ ಒಂದೂವರೆ ಕೋಟಿ ಕೊರೋನಾ ವೈರಸ್ ಚೀಟಿಗಳನ್ನು ಶೋಧಿಸಿದರು. ಮೊಲ್ನುಪಿರಾವಿರ್ ಬಿಟ್ಟು ಹೋಗುವ ತಪ್ಪುಗಳಿಗೆ ಒಂದು ವಿಶಿಷ್ಟ ಜಾಡಿದೆ. ಆ ಜಾಡು ಹೊತ್ತ ವೈರಸ್ಸುಗಳು ಹೆಚ್ಚಾಗಿ ಸಿಕ್ಕಿದ್ದು 2022ರಿಂದೀಚೆಗೆ, ಅದೂ ಈ ಔಷಧವನ್ನು ಧಾರಾಳವಾಗಿ ಬಳಸಿದ ದೇಶಗಳಲ್ಲಿ. ಇನ್ನೂ ಮುಖ್ಯವಾದ ಮಾತು: ಅಂಥ ಕೆಲವು ವೈರಸ್ಸುಗಳು ಒಬ್ಬ ರೋಗಿಯ ಮೈಯಲ್ಲೇ ಸತ್ತಿರಲಿಲ್ಲ, ಮತ್ತೊಬ್ಬರಿಗೆ ದಾಟಿದ್ದವು.

ಇದರಿಂದ ಘೋರವಾದ ಹೊಸ ವೈರಸ್ ಹುಟ್ಟಿತೆಂದು ನಾವು ಹೇಳುವುದಿಲ್ಲ. ಹಾಗೆಂದು ತೋರಿಸುವ ಸಾಕ್ಷ್ಯ ಆ ಸಂಶೋಧನೆಯಲ್ಲಿ ಇಲ್ಲ. ಸುಳ್ಳು ಭಯ ಹಬ್ಬಿಸಿ ಗೆಲ್ಲುವುದು ನಮಗೆ ಬೇಡ. ಆದರೆ ಅರೆಹೊಡೆದ ಹಾವು ಮನೆಯಿಂದ ಹೊರಗೆ ಹರಿದುಹೋದದ್ದರ ಜಾಡು ನೆಲದ ಮೇಲೆ ಮೂಡಿದೆ. ಅದು ಈ ಸಲ ಯಾರನ್ನೂ ಕಚ್ಚಲಿಲ್ಲವೆಂದು ಮುಂದೆಯೂ ಬಾಗಿಲು ತೆರೆದಿಡೋಣವೆ?

ಅರ್ಧ ಔಷಧ ಯಾರ ತಪ್ಪು?

ರೋಗಿಗಳು ಕೋರ್ಸು ಪೂರ್ತಿ ಮಾಡುವುದಿಲ್ಲ, ಅವರಿಗೆ ತಿಳುವಳಿಕೆ ಇಲ್ಲ ಎಂದು ದೊಡ್ಡವರು ಮೂಗು ಮುರಿಯುತ್ತಾರೆ. ತಿಳುವಳಿಕೆ ಇಲ್ಲದ್ದು ಯಾರಿಗೆ? ಮೊಲ್ನುಪಿರಾವಿರನ್ನು ರೋಗ ಕಂಡ ಐದು ದಿನದೊಳಗೆ ಶುರು ಮಾಡಬೇಕು. ಗಿರಣಿಯವನು ಮೊದಲ ಎರಡು ದಿನ ಜ್ವರವನ್ನು ಮುಚ್ಚಿಟ್ಟೇ ಪಾಳಿಗೆ ಹೋಗುತ್ತಾನೆ. ಏಕೆ? 1948ರ ಇ.ಎಸ್.ಐ. ಕಾಯಿದೆಯೇ ಕಾಯಿಲೆ ಭತ್ಯೆಯಿಂದ ಮೊದಲ ಎರಡು ದಿನಗಳನ್ನು ಹೊರಗಿಟ್ಟಿತ್ತು. ಗುತ್ತಿಗೆಯವರಲ್ಲಿ ಎಷ್ಟೋ ಜನರ ಕೈಗೆ ಅಷ್ಟೂ ಸಿಗುವುದಿಲ್ಲ. ಸಣ್ಣ ಅಂಗಡಿಯವನ ಕಥೆ ಇನ್ನೂ ಸರಳ: ಬಾಗಿಲು ಮುಚ್ಚಿದ ದಿನ ಒಲೆಯೂ ಆರುತ್ತದೆ. ಹೀಗಿರುವಾಗ ಅವನು ಮೂರನೆಯ ದಿನ ಅಂಗಡಿಗೆ ಬಂದು ಕೈಯಲ್ಲಿದ್ದಷ್ಟಕ್ಕೆ ಬಿಡಿ ಮಾತ್ರೆ ಕೇಳಿದರೆ, ಅದು ಅವನ ಅಜ್ಞಾನವೆ? ಅವನ ಜೇಬಿನ ಅಳತೆಗೆ ಅವನ ಔಷಧ. ಜೇಬು ಅರ್ಧವಾದಾಗ ಔಷಧವೂ ಅರ್ಧ.

ಔಷಧದಂಗಡಿಯವರನ್ನು ನಾವು ಬೈಯುತ್ತಿಲ್ಲ. ಅವರಲ್ಲಿ ಎಷ್ಟೋ ಜನ ನಮ್ಮ ವಾಚಕರು. ಬೇಡಿಕೆ ಹುಟ್ಟಿಸಿದವನು ಒಬ್ಬ, ಅನುಮತಿ ಕೊಟ್ಟವನು ಇನ್ನೊಬ್ಬ. ಮುಗಿಬಿದ್ದ ಜನರ ಎದುರು ನಿಂತು ಬೈಸಿಕೊಂಡವನು ಮಾತ್ರ ಅವನು.

ಒಂದು ಎದುರು ವಾದಕ್ಕೆ ಉತ್ತರ ಹೇಳಬೇಕು. ಪಿಡುಗಿನ ಕಾಲದಲ್ಲಿ ಪೂರ್ತಿ ಪರೀಕ್ಷೆಗೆ ಕಾಯುತ್ತ ಕೂತರೆ ಜನ ಸಾಯುವುದಿಲ್ಲವೆ ಎನ್ನುತ್ತಾರೆ. ಕಾಯಬೇಡಿ. ಆದರೆ ಪಿಡುಗಿನ ನಡುವೆಯೇ ಬ್ರಿಟನ್ ಸರ್ಕಾರ 25,000 ಜನರನ್ನು ಸೇರಿಸಿ, ಮನೆಮನೆಗೆ ಔಷಧ ಕಳಿಸಿ, ಲೆಕ್ಕವಿಟ್ಟು ಸತ್ಯ ಹೊರತೆಗೆಯಿತು. ನಾವೂ ಕೊಟ್ಟೆವು; ಆದರೆ ಯಾರು ತಿಂದರು, ಎಷ್ಟು ದಿನ ತಿಂದರು, ಯಾರು ಗುಣವಾದರು ಎಂಬ ಪುಸ್ತಕ ಇಡಲಿಲ್ಲ. ತುರ್ತು ಎಂಬುದು ಲೆಕ್ಕ ಬರೆಯದಿರಲು ನೆಪವಲ್ಲ. ಎಂಥ ಸಣ್ಣ ವ್ಯಾಪಾರಿಯೂ ಜಾತ್ರೆಯ ಗದ್ದಲದಲ್ಲಿ ಕಿರ್ದಿ ಬರೆಯುತ್ತಾನೆ.

ಇನ್ನೊಂದು ಮಾತು. ಈ ವಿಜ್ಞಾನ ಸಂತೆಯ ಕೈಯಲ್ಲಿದ್ದರೆ ಅದು ನೋಡುವುದು ಗಿರಾಕಿಯ ಮುಖವನ್ನು, ರೋಗದ ಮುಖವನ್ನಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿತು. ಅದೂ ಆರ್‌ಎನ್‌ಎ ವೈರಸ್ಸೇ. ಸೌದೆಗೆ, ದರಕಿಗೆ, ದನ ಕಾಯಲು ಕಾಡಿಗೆ ಹೋಗುವ ಮಲೆನಾಡಿನ ಬಡವರನ್ನು ಅದು ಅಂದಿನಿಂದ ಕಾಡುತ್ತಿದೆ. ಇಂದಿಗೂ ಅದಕ್ಕೆಂದೇ ಒಂದು ಔಷಧವಿಲ್ಲ. ಆ ವೈರಸ್ಸಿನ ಗುಮಾಸ್ತನೂ ತಪ್ಪು ಮಾಡುತ್ತಾನೆ, ಅದಕ್ಕೂ ಒಂದು ಎಲ್ಲೆಯಿದೆ. ಅಲ್ಲಿ ಕೈಯಿಟ್ಟು ನೋಡಲು ದೊಡ್ಡ ಕಂಪನಿಗಳು ಮುಂದೆ ಬಾರದಿರುವುದೇಕೆ? 700 ಡಾಲರ್ ಕೊಡುವ ಗಿರಾಕಿ ಕ್ಯಾಸನೂರಿನಲ್ಲಿ ಇಲ್ಲ.

ನಾವು ಕೇಳುವುದೇನು?

ಒಂದು: ವೈರಸ್ಸಿನ ತಪ್ಪು ಹೆಚ್ಚಿಸಿ ಕೊಲ್ಲುವ ಯಾವ ಔಷಧವನ್ನೂ ಬಿಡಿಯಾಗಿ ಅಂಗಡಿಯಲ್ಲಿ ಮಾರಬಾರದು. ಅದು ಸರ್ಕಾರಿ ಮತ್ತು ಇ.ಎಸ್.ಐ. ಆಸ್ಪತ್ರೆಗಳ ಮೂಲಕ, ನಿಜವಾಗಿ ಬೇಕಾದವರಿಗೆ, ಪೂರ್ತಿ ಕೋರ್ಸಾಗಿ, ಪುಕ್ಕಟೆ ಸಿಗಬೇಕು.

ಎರಡು: ಅನುಮತಿ ಕೊಡುವ ಮೊದಲು ಪರೀಕ್ಷೆಯ ಪೂರ್ತಿ ಲೆಕ್ಕ ಪ್ರಕಟವಾಗಬೇಕು. ತುರ್ತು ಅನುಮತಿಯಾದರೆ, ತಿಂದ ಪ್ರತಿಯೊಬ್ಬನ ಫಲಿತಾಂಶವನ್ನು ಸರ್ಕಾರವೇ ದಾಖಲಿಸಬೇಕು. ಔಷಧ ತಿಂದವರ ವೈರಸ್ಸನ್ನು ಸಾರ್ವಜನಿಕ ಪ್ರಯೋಗಶಾಲೆಗಳು ಓದಿ ನೋಡಬೇಕು.

ಮೂರು: ಗರ್ಭಕ್ಕೆ ಸಂಬಂಧಪಟ್ಟ ಎಚ್ಚರಿಕೆಯನ್ನು ರೋಗಿಯ ಭಾಷೆಯಲ್ಲಿ, ಬಾಯಿಮಾತಿನಲ್ಲಿ ಹೇಳದೆ ಒಂದು ಗುಳಿಗೆಯನ್ನೂ ಕೊಡಬಾರದು.

ನಾಲ್ಕು: ಜನರ ಹಣದಿಂದ ಹುಟ್ಟಿದ ಔಷಧದ ಹಕ್ಕು ಜನರದು. ಪಿಡುಗಿನ ಔಷಧಕ್ಕೆ ಲೈಸೆನ್ಸ್ ಕಂಪನಿಯ ಔದಾರ್ಯವಾಗದೆ ಕಾನೂನಿನ ಕಟ್ಟಳೆಯಾಗಬೇಕು.

ಐದು: ಸಾಂಕ್ರಾಮಿಕ ಜ್ವರಕ್ಕೆ ಮೊದಲ ದಿನದಿಂದಲೇ ಪೂರ್ತಿ ಮಜೂರಿಯ ರಜೆ. ಇದು ದಾನವಲ್ಲ. ಮನೆಯಲ್ಲಿ ಮಲಗಲು ಆಗದವನಿಗೆ ಕೊಡುವ ಔಷಧ ನೀರಿಗೆ ಹೊಯ್ದ ಹುಣಸೆಹಣ್ಣು.

ಮನುಷ್ಯರ ನಡುವೆ ಹರಡುತ್ತಿದ್ದ ವೈರಸ್ಸುಗಳಲ್ಲಿ ಇದುವರೆಗೆ ಜಗತ್ತಿನಿಂದ ನಿರ್ವಂಶವಾಗಿ ಹೋದದ್ದು ಒಂದೇ, ಸಿಡುಬು. ನಮ್ಮ ದೇಶದಲ್ಲಿ ಅದರ ಕೊನೆಯ ಪ್ರಕರಣ 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಅಂತ್ಯವನ್ನು ಸಾರಿತು. ಯಾವ ಗಾಜಿನ ಕಪಾಟಿನಿಂದಲೂ ಆ ಗೆಲುವು ಬರಲಿಲ್ಲ. ಹಣವಿದ್ದವನಿಗೆ ಮುಳ್ಳು ಚುಚ್ಚಿ ಇಲ್ಲದವನನ್ನು ಬಿಟ್ಟಿದ್ದರೆ ಅದು ಇಂದಿಗೂ ಓಣಿ ಓಣಿ ತಿರುಗುತ್ತಿತ್ತು. ಸರ್ಕಾರಿ ಲಸಿಕೆಯವನು ಬೇಲಿ ದಾಟಿ, ಹೊಳೆ ದಾಟಿ, ಕೊನೆಯ ಗುಡಿಸಲಿನ ಕೊನೆಯ ಕೂಸಿನ ತೋಳು ಹಿಡಿದು ಮುಳ್ಳು ಚುಚ್ಚಿದ್ದಕ್ಕೆ ಅದು ಹೋಯಿತು.

ವೈರಸ್ಸಿಗೆ ಅರ್ಧ ಕೆಲಸ ಸಾಲದು. ಹೊಸ ಅಸ್ತ್ರ ಎಷ್ಟೇ ಹರಿತವಾಗಿರಲಿ, ಅದನ್ನು ಕೊನೆಯ ಗುಡಿಸಲಿನವರೆಗೆ ಒಯ್ಯುವ ಮನಸ್ಸಿಲ್ಲದ ಸರ್ಕಾರದ ಕೈಯಲ್ಲಿ ಅದು ಅರೆಪೆಟ್ಟೇ. ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ಮುಂದಿನ ಜ್ವರ ನಮ್ಮನ್ನು ಕೇಳಿ ಬರುವುದಿಲ್ಲ. ಈ ಐದು ಬೇಡಿಕೆಗಳನ್ನು ನಿಮ್ಮ ಸಂಘದ ಸಭೆಯಲ್ಲಿ, ವರ್ತಕರ ಕೂಟದಲ್ಲಿ, ಇ.ಎಸ್.ಐ. ಆಸ್ಪತ್ರೆಯ ಬಾಗಿಲಲ್ಲಿ ಈಗಲೇ ಎತ್ತಿ. ಜ್ವರ ಬಂದ ಮೇಲೆ ಎತ್ತಲು ಗಂಟಲು ಇರುವುದಿಲ್ಲ.